ಉಚಿತ ಬೇರೆ, ಮುಕ್ತ ಬೇರೆ



ಗಣಕಯಂತ್ರದ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮೊನ್ನೆ ಕೇಳಿದರು: “ಸರ್, ಲೈಟ್‌ಸ್ಕ್ರೈಬ್‌ನ ತಂತ್ರಾಂಶ ಉಚಿತವಾಗಿಯೇ ಸಿಗುತ್ತಿತ್ತಲ್ಲ, ಮತ್ತೇಕೆ ಅದನ್ನು ಮುಕ್ತವಲ್ಲ ಎನ್ನುತ್ತಾರೆ?” ಭಾಷೆ ಕಲಿಸಿದವನಿಗೆ ಇಂತಹ ಪ್ರಶ್ನೆ ಹಬ್ಬದೂಟವಿದ್ದಂತೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಎರಡೂ ಅರ್ಥಗಳನ್ನು ಹೊರಬೇಕು. ಕನ್ನಡಕ್ಕೆ ಆ ಬಡತನವಿಲ್ಲ.

ಬಂಧುಗಳಿಗಾಗಿ ಸ್ವಲ್ಪ ವಿವರಣೆ. ಲೈಟ್‌ಸ್ಕ್ರೈಬ್ ಎಂಬುದು ಎಚ್.ಪಿ. ಸಂಸ್ಥೆ 2004ರಲ್ಲಿ ಪ್ರಕಟಿಸಿದ ತಂತ್ರ. ಸಿ.ಡಿ.ಯಲ್ಲಿ ಮಾಹಿತಿ ಬರೆದಾದ ಮೇಲೆ ಅದನ್ನು ಮಗುಚಿ ಡ್ರೈವಿನಲ್ಲಿಟ್ಟರೆ, ಅದೇ ಲೇಸರ್ ಕಿರಣವು ಮೇಲ್ಮೈಯ ವಿಶೇಷ ಲೇಪನದ ಬಣ್ಣ ಬದಲಿಸಿ ಹೆಸರನ್ನೂ ಚಿತ್ರವನ್ನೂ ಮೂಡಿಸುತ್ತಿತ್ತು. ಕಾಗದದ ಚೀಟಿ ಬೇಡ, ಶಾಯಿ ಬೇಡ. ಬರಹವನ್ನು ಚಿತ್ರವಾಗಿ ಕೊಡಬಹುದಾಗಿದ್ದರಿಂದ ಕನ್ನಡಕ್ಕೂ ಅಡ್ಡಿಯಿರಲಿಲ್ಲ. ಸೊಗಸಾದ ಯುಕ್ತಿಯೆಂದು ಮೆಚ್ಚಲೇಬೇಕು.

ವಿಚಿತ್ರವಿರುವುದು ಇಲ್ಲಿಯೇ. ಡ್ರೈವ್ ಒಂದೇ, ಲೇಸರ್ ಒಂದೇ. ಆದರೆ ಮಾಹಿತಿ ಬರೆಯಿಸುವ ಆಜ್ಞೆಗಳು ಎಲ್ಲರಿಗೂ ತೆರೆದ ಮಾನಕ. ಆದ್ದರಿಂದ ಕೆ3ಬಿಯಂತಹ ಮುಕ್ತ ತಂತ್ರಾಂಶಗಳು ಇಂದಿಗೂ ಸಿ.ಡಿ. ಬರೆಯುತ್ತವೆ. ಹೆಸರು ಬರೆಯಿಸುವ ಆಜ್ಞೆಗಳು ಮಾತ್ರ ಕಂಪನಿಯ ಗುಟ್ಟು. ಲಿನಕ್ಸ್‌ಗೂ ಒಂದು ತಂತ್ರಾಂಶ ಬಂದಿತು, ಕಾಸಿಲ್ಲದೆ, ಮೂಲಸಂಕೇತವಿಲ್ಲದೆ. ಲಾಸಿ ಸಂಸ್ಥೆ 2006ರಲ್ಲಿ ಕೊಟ್ಟ 4ಎಲ್ ಆಗಲಿ, ಅನಂತರದ ಕ್ಯೂಲೈಟ್‌ಸ್ಕ್ರೈಬ್ ಆಗಲಿ ಅದನ್ನೇ ಅವಲಂಬಿಸಿದ್ದವು. ಅವರು ಕಟ್ಟಿದ್ದು ಪಡಸಾಲೆಯನ್ನು. ಒಳಮನೆಯ ಕೀಲಿಕೈ ಬೇರೆಯವರಲ್ಲಿತ್ತು. 2013ರಲ್ಲಿ ಲೈಟ್‌ಸ್ಕ್ರೈಬ್ ಜಾಲತಾಣ ಮುಚ್ಚಿತು. 32 ಬಿಟ್ ಗಣಕಗಳಿಗೆಂದು ರೂಪಿಸಿದ ಆ ಕಡತಗಳನ್ನು ಹೊಸ ವ್ಯವಸ್ಥೆಗೆ ತಕ್ಕಂತೆ ತಿದ್ದಲು, ತಿದ್ದಬಲ್ಲವರಿಗೂ ದಾರಿಯಿಲ್ಲ.

ಇದು ಹೊಸ ಜಗಳವಲ್ಲ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಒಂದು ಮುದ್ರಣಯಂತ್ರದ ಮೂಲಸಂಕೇತ ಸಿಗಲಿಲ್ಲ. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯ ಹಿಂದೆ ಆ ಕಹಿಯೂ ಇತ್ತು.

ನಮ್ಮ ಕಡ್ಡಿರಾಂಪುರದ ನೆರೆಯ ಹಂಪಿಯಲ್ಲಿ, ವಿರೂಪಾಕ್ಷ ಗುಡಿಯ ರಂಗಮಂಟಪದ ಮುಂದೆ ಕೃಷ್ಣದೇವರಾಯನ 1510ರ ಕಾಲದ ಶಾಸನವಿದೆ. ಅದನ್ನು ಕೆತ್ತಿದ ಉಳಿ ಮೊಂಡಾದರೆ ಯಾವ ಊರಿನ ಕಮ್ಮಾರನಾದರೂ ಹದ ಮಾಡಿಕೊಡಬಹುದಿತ್ತು. ಉಳಿ ಮಾಡಿದವನ ಅಪ್ಪಣೆ ಬೇಕಿರಲಿಲ್ಲ.

“ಸಿ.ಡಿ.ಯೇ ಮೂಲೆಗೆ ಸೇರಿದ ಮೇಲೆ ಈ ಮಾತೇಕೆ?” ಎನ್ನುವವರಿದ್ದಾರೆ. ಮೂಲೆಗೆ ಸೇರಿದ್ದರಿಂದಲೇ ಕೇಳುತ್ತಿದ್ದೇನೆ. ವ್ಯಾಪಾರವೇ ಮುಗಿದ ಮೇಲೆ ಗುಟ್ಟು ಕಾಯುವುದರಿಂದ ಬರುವ ಲಾಭವೇನು? ಒಂದು ಯಂತ್ರದ ಬೆಂಬಲವನ್ನು ನಿಲ್ಲಿಸುವ ದಿನ ಅದರ ಆಜ್ಞೆಗಳ ವಿವರವನ್ನು ಪ್ರಕಟಿಸಬೇಕೆಂಬ ಷರತ್ತು ಖರೀದಿಯ ಕರಾರಿನಲ್ಲಿಯೇ ಇರಬೇಕು. ಮೊದಲಿಗೆ, ಸರಕಾರಿ ಶಾಲೆಗಳಿಗೆ ಕೊಳ್ಳುವ ಯಂತ್ರಗಳ ಕರಾರಿನಲ್ಲಿ.

ಅಂದಹಾಗೆ, ಲೈಟ್‌ಸ್ಕ್ರೈಬ್ ಬರಹ ಬಿಸಿಲಿಗೆ ಮಾಸುತ್ತದೆ. ಮದುವೆ, ಮುಂಜಿಗಳ ಅಂತಹ ಸಿ.ಡಿ.ಗಳು ಮನೆಯಲ್ಲಿದ್ದರೆ ಕತ್ತಲಲ್ಲಿಡಿ. ಒಳಗೇನಿದೆಯೆಂದು ಡಬ್ಬಿಯ ಮೇಲೂ ಬರೆದಿಡಿ.