ಖಾಲಿ ಬೆಂಚಿನ ಲೆಕ್ಕ ಮೇಷ್ಟ್ರ ತಲೆಗೆ

ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾಯಿತೆಂದರೆ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿಗೆ ಬಣ್ಣದ ಕರಪತ್ರ ಹಿಡಿದ ತರುಣ ತರುಣಿಯರು ಬರತೊಡಗುತ್ತಾರೆ. ಸೋಪು, ಊದಿನಕಡ್ಡಿ ಮಾರುವವರೆಂದುಕೊಳ್ಳಬೇಡಿ. ಎಂ.ಟೆಕ್. ಓದಿದವರು, ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು. ತಮ್ಮ ಸಂಸ್ಥೆಯ ಪಾಲಿಟೆಕ್ನಿಕ್ಕಿಗೆ ಹುಡುಗರನ್ನು ಹೊಂದಿಸಿ ಕೊಡುವುದು ಇವರ ಬೇಸಿಗೆಯ ಕೆಲಸ. ತಲೆಗೆ ಇಷ್ಟು ಎಂದು ಗುರಿ ಗೊತ್ತು ಮಾಡಿರುತ್ತಾರೆ. ಗುರಿ ಮುಟ್ಟದಿದ್ದರೆ ಸಂಬಳಕ್ಕೆ ಕತ್ತರಿ, ಎರಡನೇ ವರ್ಷವೂ ಮುಟ್ಟದಿದ್ದರೆ ಕೆಲಸಕ್ಕೇ ಕತ್ತರಿ. ಇವರಲ್ಲಿ ಕೆಲವರು ನನ್ನ ಹತ್ತಿರ ಸಂಧಿ ಸಮಾಸ ಕಲಿತವರು. ‘ಮೇಡಂ, ಎರಡು ಹುಡುಗರಾದರೂ ಕೊಡಿ’ ಎಂದು ಕೇಳುವಾಗ ಅವರ ಮುಖ ನೋಡಲಾಗುವುದಿಲ್ಲ.

ಕಾಲೇಜು ಸೊರಗಿದೆ, ಮಕ್ಕಳಿಲ್ಲ, ಸಂಬಳ ಎಲ್ಲಿಂದ ತರೋಣ ಎನ್ನುತ್ತದೆ ಆಡಳಿತ ಮಂಡಳಿ. ಕೇಳುವವರೂ ‘ಪಾಪ, ಹೌದಲ್ಲ’ ಎಂದು ತಲೆಯಾಡಿಸುತ್ತಾರೆ. ನನಗೆ ಸಿಟ್ಟು ಬರುವುದು ಈ ತಲೆಯಾಡಿಸುವಿಕೆಯ ಮೇಲೆ. ಸೀಟುಗಳು ತುಂಬಿ ತುಳುಕುತ್ತಿದ್ದ ವರ್ಷಗಳಲ್ಲಿ ಬಂದ ಹಣದಲ್ಲಿ ಇವರಿಗೆ ಪಾಲು ಕೊಟ್ಟಿದ್ದರೇ? ಆಗ ಎದ್ದದ್ದು ಹೊಸ ಬ್ಲಾಕು, ಕಲ್ಯಾಣ ಮಂಟಪದಂಥ ಮಹಾದ್ವಾರ. ಲಾಭಕ್ಕೆ ಒಬ್ಬ ಯಜಮಾನ, ನಷ್ಟಕ್ಕೆ ಎಲ್ಲರೂ ಪಾಲುದಾರರು! ಸಂತೆಯ ಕಿರಾಣಿ ಅಂಗಡಿಯವನೂ ಇಂಥ ಲೆಕ್ಕ ಬರೆಯಲಾರ.

ಕಾನೂನಿನ ಪುಸ್ತಕದಲ್ಲಿ ಇವು ಲಾಭದ ಸಂಸ್ಥೆಗಳೇ ಅಲ್ಲ, ನೋಡಿ. ಟ್ರಸ್ಟು ಅಥವಾ ಸೊಸೈಟಿ ಹೆಸರಿನಲ್ಲಿ ವಿದ್ಯಾದಾನ ಮಾಡುವವು. ಕ್ಯಾಪಿಟೇಷನ್ ನಿಷೇಧಿಸಿ ನಮ್ಮ ರಾಜ್ಯ 1984ರಲ್ಲೇ ಕಾಯ್ದೆ ಮಾಡಿತು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ವ್ಯಾಪಾರವಾಗಕೂಡದು ಎಂದಿತು. 2002ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಾಧೀಶರ ಪೀಠ ಕುಳಿತು, ಸಂಸ್ಥೆ ಕಟ್ಟುವುದು ಒಂದು ವೃತ್ತಿ, ಬೆಳವಣಿಗೆಗೆ ತಕ್ಕಷ್ಟು ಮಿಗುವಳಿ ಇರಬಹುದು, ಲಾಭಕೋರತನ ಮಾತ್ರ ಸಲ್ಲದು ಎಂದು ಹೇಳಿತು. ಮಿಗುವಳಿಗೂ ಲಾಭಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ನಮ್ಮೂರಿನ ಕಡೆಯ ಯಾವ ಕಾರ್ಯದರ್ಶಿಗಳೂ ಹುಡುಕಿದ್ದನ್ನು ನಾನು ಕಾಣೆ.

ಇನ್ನು ಮೇಲಿನವರ ಕಥೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕೇಳಿದವರಿಗೆಲ್ಲ ಅನುಮತಿ ಕೊಡುತ್ತ ಬಂದು, ಬೆಂಚುಗಳು ಖಾಲಿ ಬಿದ್ದ ಮೇಲೆ, 2020ರಿಂದ ಎರಡು ವರ್ಷ ಹೊಸ ಇಂಜಿನಿಯರಿಂಗ್ ಕಾಲೇಜು ಬೇಡವೆಂದಿತು. ಅದಕ್ಕೂ ಮುಂಚೆ 2018ರಲ್ಲಿ ಇನ್ನೊಂದು ಕೆಲಸ ಮಾಡಿತ್ತು. 15 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬ ನಿಯಮವನ್ನು 20ಕ್ಕೆ ಒಬ್ಬ ಎಂದು ಬದಲಿಸಿತು. ನಾನು ಬಿ.ಎ. ಓದಿದವಳು, ಆದರೆ ಭಾಗಾಕಾರ ಬರುತ್ತದೆ. 300 ಮಕ್ಕಳಿಗೆ 20 ಜನ ಬೇಕಿದ್ದ ಕಡೆ 15 ಸಾಕಾಯಿತು. ಒಂದು ಮಗುವೂ ಕಡಿಮೆಯಾಗದೆ ಐದು ಮನೆಯ ಒಲೆ ಒಂದೇ ಸುತ್ತೋಲೆಗೆ ಆರಿಹೋಯಿತು. ಮುಂದೆ 2024-25ರಿಂದ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಸೀಟಿನ ಮಿತಿಯನ್ನೂ ತೆಗೆದರು. ಬೆಂಗಳೂರಿನ ದೊಡ್ಡವರು ಕಂಪ್ಯೂಟರ್ ಸೈನ್ಸ್ ಸೀಟು ಏರಿಸಿಕೊಂಡರು. ತಾಲ್ಲೂಕಿನ ಕಾಲೇಜಿನಲ್ಲಿ ಸಿವಿಲ್, ಮೆಕ್ಯಾನಿಕಲ್ ಹೇಳಿಕೊಡುವವನು ಯಾರಿಗೆ ಪಾಠ ಮಾಡಬೇಕು, ಗೋಡೆಗೋ?

ಕೆಲಸದಿಂದ ತೆಗೆಯುವ ರೀತಿಯೂ ಒಂದು ಕಲೆಯೇ. ವಜಾ ಆದೇಶವನ್ನು ಯಾರೂ ಕೊಡುವುದಿಲ್ಲ. ಕೊಟ್ಟರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿ ಇದೆ, ಜಿಲ್ಲಾ ನ್ಯಾಯಾಧೀಶರ ಮುಂದೆ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಮೊದಲು ಸಂಬಳ ಒಂದು ತಿಂಗಳು ತಡ, ಆಮೇಲೆ ಮೂರು ತಿಂಗಳು ತಡ. ಆಮೇಲೆ ‘ನೀವಾಗಿಯೇ ರಾಜೀನಾಮೆ ಬರೆದುಕೊಟ್ಟರೆ ಅನುಭವ ಪತ್ರ ಕೊಡುತ್ತೇವೆ’ ಎಂಬ ಸವಿ ಮಾತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ ಎಂದು ಏಳನೇ ವೇತನ ಶ್ರೇಣಿ ಹೇಳುತ್ತದೆ. ನನಗೆ ಗೊತ್ತಿರುವ ಹುಡುಗಿಯೊಬ್ಬಳಿಗೆ ಕೈಗೆ ಬರುತ್ತಿದ್ದದ್ದು ಅದರ ಅರ್ಧವೂ ಅಲ್ಲ. ತಪಾಸಣೆಯ ವರ್ಷ ಬ್ಯಾಂಕಿಗೆ ಪೂರಾ ಸಂಬಳ ಹಾಕಿ, ಉಳಿದದ್ದನ್ನು ನಗದಾಗಿ ವಾಪಸು ತರಿಸಿಕೊಂಡರಂತೆ. ಅವಳಿಗೆ ಬಾಣಂತನದ ರಜೆ ಕೇಳುವ ಧೈರ್ಯವಾಗಲಿಲ್ಲ. ಕೇಳಿದ್ದರೆ ಪಟ್ಟಿಯಲ್ಲಿ ಮೊದಲ ಹೆಸರು ತನ್ನದೇ ಎಂದು ಅವಳಿಗೆ ಗೊತ್ತಿತ್ತು.

ಸಂಘ ಕಟ್ಟಿ ಹೋರಾಡಬಾರದೇ ಎನ್ನುವವರುಂಟು. ಮೇಷ್ಟ್ರನ್ನು ಕಾನೂನು ನೋಡಿದ ಬಗೆ ಕೇಳಿ. ಗೋವಾದ ಸುಂದರಾಂಬಾಳ್ ಎಂಬ ಶಿಕ್ಷಕಿಯ ಮೊಕದ್ದಮೆಯಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅಧ್ಯಾಪಕ ಕೆಲಸಗಾರನಲ್ಲ, ಅವನದು ಉದಾತ್ತ ಕಾಯಕ ಎಂದಿತು. 2004ರಲ್ಲಿ ಗ್ರಾಚ್ಯುಟಿಯೂ ಇಲ್ಲವೆಂದಾಯಿತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯ ಎಂದಿತು. ಅದಕ್ಕೂ ಖಾಸಗಿ ಶಾಲೆಗಳವರು ತಕರಾರು ತೆಗೆದು, 2022ರಲ್ಲಿ ಸೋತರು. ಉದಾತ್ತ ಎಂಬ ಹಾರ ಹಾಕಿಸಿಕೊಂಡ ಕುತ್ತಿಗೆಗೇ ಹಗ್ಗ ಬಿಗಿಯುವುದು ಸುಲಭ ಎಂದು ತೋರುತ್ತದೆ.

‘ಸರ್ಕಾರಿ ಸಂಬಳ ತಿನ್ನುವ ನಿಮಗೇಕೆ ಈ ಉಸಾಬರಿ?’ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ನಾಳೆ ಊಟಕ್ಕೆ ಏನೆಂದು ತಿಳಿಯದವನು ಬೀಮುಗಳ ಬಲದ ಲೆಕ್ಕ ಹೇಗೆ ಕಲಿಸುತ್ತಾನೆ? ನಾನು ಹತ್ತನೇ ತರಗತಿಯಿಂದ ಕಳಿಸಿಕೊಡುವ ಮಕ್ಕಳು ಕುಳಿತುಕೊಳ್ಳುವುದು ಅವನ ಮುಂದೆ. ಅರ್ಧ ವರ್ಷದಲ್ಲಿ ಮೂರು ಜನ ಅಧ್ಯಾಪಕರು ಬದಲಾದ ವಿಷಯದಲ್ಲಿ ಇಡೀ ತರಗತಿ ಫೇಲಾದರೆ, ಬೈಗುಳ ತಿನ್ನುವವರು ಆ ಮಕ್ಕಳು.

ಕೋರ್ಸು ಮುಚ್ಚಲೇಬೇಕಾದರೆ ಮುಚ್ಚಲಿ, ಖಾಲಿ ಕೊಠಡಿಗೆ ದೀಪ ಹಚ್ಚಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ವರ್ಷ ಮುಂಚೆ ಬರಹದಲ್ಲಿ ತಿಳಿಸಲಿ. ಅನುಮತಿ ಕೊಡುವವರು ಕಟ್ಟಡದ ಚದರಡಿ ಅಳೆಯುವಂತೆಯೇ, ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಬೇರೆಯಾಗಿ ಇದೆಯೇ ಎಂದು ನೋಡಲಿ. ಮುಚ್ಚುವ ದಿನ ಮೊದಲ ಚೆಕ್ಕು ಸಂಬಳದ ಬಾಕಿಗೆ ಹೋಗಲಿ, ಆ ಜಾಗವನ್ನು ಬಡಾವಣೆ ಮಾಡಿ ನಿವೇಶನ ಮಾರುವ ಯೋಚನೆ ಆಮೇಲೆ. ಹಾಗೆಯೇ ತಪಾಸಣಾ ಸಮಿತಿಯವರು ಗೋಡಂಬಿ, ಕಾಫಿ ಮುಗಿಸಿದ ಮೇಲೆ ಆಫೀಸಿನ ಬೀರುವನ್ನು ಒಮ್ಮೆ ತೆಗೆಸಲಿ. ಕೆಲಸಕ್ಕೆ ಸೇರಿದ ದಿನ ಅಧ್ಯಾಪಕರಿಂದ ಇಸಿದುಕೊಂಡ ಮೂಲ ಅಂಕಪಟ್ಟಿಗಳು ಇನ್ನೂ ಅದರೊಳಗೇ ಇವೆ.