ಮಿಠಾಯಿಯ ಕಥೆಯೂ ಕಲ್ಲಿದ್ದಲಿನ ಋಣವೂ

ಕ್ರಿಸ್‌ಮಸ್ ಹಬ್ಬ ಸಮೀಪಿಸಿತೆಂದರೆ ಬರ್ಲಿನ್ ನಗರದ ಮಿಠಾಯಿ ವಿಮಾನದ ಕಥೆಯನ್ನು ಯಾರಾದರೊಬ್ಬರು ಹೇಳದೆ ಬಿಡುವುದಿಲ್ಲ. ಅಮೆರಿಕದ ವೈಮಾನಿಕ ಗೇಲ್ ಹಾಲ್ವರ್ಸನ್ನರು 1948ನೆಯ ಇಸವಿಯಲ್ಲಿ ಕರವಸ್ತ್ರಗಳನ್ನೇ ಪುಟ್ಟ ಕೊಡೆಗಳನ್ನಾಗಿ ಮಾಡಿ, ಆ ನಗರದ ಮಕ್ಕಳಿಗೆ ಆಕಾಶದಿಂದ ಚಾಕೊಲೇಟನ್ನು ಇಳಿಬಿಟ್ಟರು. ಕಥೆ ನಿಜವಾದುದು, ಮಾಡಿದವರು ಪುಣ್ಯವಂತರು. ಆದರೆ ಇದೊಂದನ್ನೇ ಹೇಳಿ, ಸ್ಮರಣೆಯ ಋಣ ತೀರಿತೆಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ನಡೆದುದೇನು? 1948ರ ಜೂನ್ 24ರಂದು ಸೋವಿಯತ್ ಅಧಿಕಾರಿಗಳು ಪಶ್ಚಿಮ ಬರ್ಲಿನ್ನಿನ ರೈಲು, ರಸ್ತೆ, ಜಲಮಾರ್ಗಗಳನ್ನೆಲ್ಲ ಕಟ್ಟಿದರು. 20 ಲಕ್ಷಕ್ಕೆ ಮಿಕ್ಕ ಜನಕ್ಕೆ ಉಳಿದುದು ಆಕಾಶದ ಮೂರು ಇಕ್ಕಟ್ಟಾದ ದಾರಿಗಳು ಮಾತ್ರ. ಬ್ರಿಟಿಷರೂ ಅಮೆರಿಕನರೂ 1949ರ ಸೆಪ್ಟೆಂಬರ್ ಕಡೆಯವರೆಗೆ ಸುಮಾರು 2,77,000 ಹಾರಾಟಗಳಲ್ಲಿ ಸುಮಾರು 23 ಲಕ್ಷ ಟನ್ ಸಾಮಗ್ರಿಯನ್ನು ಸಾಗಿಸಿದರು. ಅದರಲ್ಲಿ ಮೂರರಲ್ಲಿ ಎರಡು ಪಾಲು ಕಲ್ಲಿದ್ದಲು. ಅದರ ಪುಡಿ ವಿಮಾನದ ಸಂದುಸಂದಿಗೂ ಹೊಕ್ಕು ತಂತಿಗಳನ್ನು ಕೆಡಿಸುತ್ತಿದ್ದಿತು. ಮಂಜು ಕವಿದ ಆ ಚಳಿಗಾಲದಲ್ಲಿ ವೈಮಾನಿಕರಿಗೆ ಕ್ರಿಸ್‌ಮಸ್ ದಿನವೂ ಬಿಡುವಿನ ದಿನವಾಗಿರಲಿಲ್ಲ. ಮಕ್ಕಳು ಚಳಿಗೆ ಸಾಯದಂತೆ ಕಾದುದು ಈ ಕರಿಯ ಹೊರೆಯೇ ಹೊರತು ಮಿಠಾಯಿಯಲ್ಲ.

“ಅದು ರಾಜ್ಯಗಳ ಸ್ವಾರ್ಥದ ಆಟ, ಸೈನಿಕನಿಗೆ ಸಂಬಳವಿದ್ದಿತು, ಆಜ್ಞೆಯಿದ್ದಿತು, ಅದರಲ್ಲಿ ಧರ್ಮವೆಲ್ಲಿ?” ಎಂದು ವಾದಿಸುವವರುಂಟು. ರಾಜ್ಯಗಳಿಗೆ ಸ್ವಾರ್ಥವಿದ್ದುದು ದಿಟ. ಆದರೆ ಸರ್ಕಾರದ ಉದ್ದೇಶವನ್ನು ತೂಗುವ ತಕ್ಕಡಿಯಲ್ಲಿಯೇ ಸತ್ತವನ ಪ್ರಾಣವನ್ನೂ ತೂಗಬಹುದೆ? 1948ರ ಜುಲೈ 25ರಂದು ಫ್ರೀಡೆನೌ ಎಂಬ ಬಡಾವಣೆಯಲ್ಲಿ ವಿಮಾನವೊಂದು ಮನೆಗಳ ನಡುವೆ ಬಿದ್ದು, ಇಬ್ಬರು ಅಮೆರಿಕನ್ ವೈಮಾನಿಕರು ಮಡಿದರು. ಮೂರು ವರ್ಷಗಳ ಹಿಂದಷ್ಟೆ ಇವರ ಸೇನೆಗಳೇ ಅದೇ ನಗರದ ಮೇಲೆ ಬೆಂಕಿಯನ್ನು ಸುರಿದಿದ್ದುವು. ಹಗೆಯ ಊರಿಗೆ ಉರುವಲನ್ನು ಹೊತ್ತು ಹೋಗಿ ಸತ್ತವರನ್ನು “ಆಜ್ಞಾಧಾರಕರು” ಎಂದಷ್ಟೇ ಹೇಳಿ ಮುಗಿಸುವುದು ಕೃತಘ್ನತೆ.

ಟೆಂಪೆಲ್‌ಹೋಫ್ ವಿಮಾನ ನಿಲ್ದಾಣದೆದುರು 1951ರಲ್ಲಿ ಸ್ಮಾರಕವೊಂದು ನಿಂತಿತು. ಅದರಲ್ಲಿ 39 ಮಂದಿ ಬ್ರಿಟಿಷರ, 31 ಮಂದಿ ಅಮೆರಿಕನರ ಹೆಸರುಗಳಿವೆ. ನೆಲದ ಮೇಲೆ ದುಡಿಯುತ್ತ ಮಡಿದ ಜರ್ಮನ್ ಕೆಲಸಗಾರರು ಬೇರೆ. ಹಾಲ್ವರ್ಸನ್ನರಾದರೋ 101 ವರ್ಷ ಬಾಳಿ, ಜಗದ ಗೌರವವನ್ನು ಕಂಡು, 2022ರಲ್ಲಿ ತೀರಿಕೊಂಡರು. ಈ 70 ಮಂದಿಯಲ್ಲಿ ಒಬ್ಬರ ಹೆಸರನ್ನಾದರೂ ನಾವು ಬಲ್ಲೆವೆ?

ಪರದೇಶದವರ ಮರೆವೆಂದು ನಾವು ನಗುವ ಹಾಗೂ ಇಲ್ಲ. 2013ರ ಜೂನ್ 25ರಂದು ಉತ್ತರಾಖಂಡದ ಪ್ರವಾಹದಲ್ಲಿ ಜನರನ್ನು ಉಳಿಸಲು ಹೋದ ನಮ್ಮ ವಾಯುಸೇನೆಯ ಹೆಲಿಕಾಪ್ಟರು ಗೌರೀಕುಂಡದ ಬಳಿ ಬಿದ್ದು 20 ಮಂದಿ ಮಡಿದರು. ಆ ಹೆಸರುಗಳಾದರೂ ನಮ್ಮಲ್ಲಿ ಎಷ್ಟು ಮಂದಿಯ ನಾಲಗೆಯ ಮೇಲಿವೆ?

ಆದುದರಿಂದ ನಮ್ಮ ಬಿನ್ನಹವಿಷ್ಟೆ: ಹಬ್ಬದ ದಿನ ಮಿಠಾಯಿಯ ಕಥೆಯನ್ನು ಮಕ್ಕಳಿಗೆ ಅಗತ್ಯವಾಗಿ ಹೇಳಿರಿ. ಆದರೆ ಕಥೆ ಮುಗಿದೊಡನೆ ಆ ಶಿಲೆಯ ಮೇಲಿರುವ ಹೆಸರುಗಳಲ್ಲಿ ನಾಲ್ಕನ್ನಾದರೂ ಗಟ್ಟಿಯಾಗಿ ಓದಿರಿ. ಸಿಹಿಯನ್ನು ತಂದವರನ್ನು ಮಕ್ಕಳು ತಾವಾಗಿಯೇ ನೆನೆಯುತ್ತಾರೆ. ಕಲ್ಲಿದ್ದಲನ್ನು ಹೊತ್ತವರನ್ನು ನೆನೆಯುವುದು ಹಿರಿಯರ ಹೊಣೆ.