ನೆರೆಯವರ ದಾವೆ ಮತ್ತು ಕಟ್ಟಡ ಪರವಾನಗಿ: ಅಳತೆ ಸರಿಯಿದ್ದರೆ ಅರ್ಧ ಗೆಲುವು

ಹಲವು ವರ್ಷ ದುಡಿದು ಉಳಿಸಿದ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಸ್ವಂತ ಮನೆ ಕಟ್ಟಲು ಹೊರಡುವ ವರ್ತಕರು ಸಿಮೆಂಟು, ಕಬ್ಬಿಣ, ಮರಳಿನ ದರಗಳನ್ನು ನಾಲ್ಕು ಕಡೆ ವಿಚಾರಿಸಿ ನೋಡುತ್ತಾರೆ. ಆದರೆ ತಳಪಾಯ ಮುಗಿದು ಗೋಡೆ ಏಳುವ ವೇಳೆಗೆ ಪಕ್ಕದ ಮನೆಯವರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರೆ ಆಗುವ ನಷ್ಟವನ್ನು ಯಾವ ಅಂದಾಜುಪಟ್ಟಿಯಲ್ಲಿಯೂ ಸೇರಿಸಿರುವುದಿಲ್ಲ. ‘ಲೈಸೆನ್ಸ್ ಇದೆ, ಯಾರೇನು ಮಾಡಿಯಾರು?’ ಎಂಬ ಧೈರ್ಯವೇ ಇದಕ್ಕೆ ಕಾರಣ. ಈ ಧೈರ್ಯಕ್ಕೆ ಕಾನೂನಿನ ಆಧಾರ ಅರ್ಧದಷ್ಟು ಮಾತ್ರ ಇದೆ.

ಕಟ್ಟಡ ಪರವಾನಗಿಯು ಸ್ಥಳೀಯ ಸಂಸ್ಥೆಯು ಅರ್ಜಿದಾರರಿಗೆ ನೀಡುವ ಅನುಮತಿ. ಅದು ನಿವೇಶನದ ಮಾಲೀಕತ್ವವನ್ನಾಗಲಿ, ಚಕ್ಕುಬಂದಿಯನ್ನಾಗಲಿ, ನೆರೆಯವರ ಗಾಳಿ, ಬೆಳಕು, ದಾರಿಯ ಹಕ್ಕನ್ನಾಗಲಿ ತೀರ್ಮಾನಿಸುವುದಿಲ್ಲ. ಅಲ್ಲದೆ ಪರವಾನಗಿಯೇ ನಿಯಮಬಾಹಿರವಾಗಿದ್ದರೆ ಅದನ್ನು ಪ್ರಶ್ನಿಸುವ ಹಕ್ಕು ನೆರೆಹೊರೆಯವರಿಗೆ ಇದೆ. ಈ ಮಾತನ್ನು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದ್ದು ಉಡುಪಿಯ ಪುರಸಭೆಗೆ ಸಂಬಂಧಿಸಿದ 1974ರ ತೀರ್ಪಿನಲ್ಲಿ. ವಾಸದ ಪ್ರದೇಶದಲ್ಲಿ ಕಲ್ಯಾಣ ಮಂಟಪಕ್ಕೆಂದು ಪಡೆದಿದ್ದ ಅನುಮತಿಯನ್ನು ಚಿತ್ರಮಂದಿರಕ್ಕೆ ಬದಲಾಯಿಸಿಕೊಟ್ಟ ಪುರಸಭೆಯ ಕ್ರಮವನ್ನು ನೆರೆಯ ನಿವಾಸಿಯೊಬ್ಬರು ಪ್ರಶ್ನಿಸಿದ್ದರು. ನಗರ ಯೋಜನೆಗೆ ವಿರುದ್ಧವಾದ ಮಂಜೂರಾತಿಯು, ಕಟ್ಟುವವರು ಈಗಾಗಲೇ ಹಣ ತೊಡಗಿಸಿದ್ದಾರೆಂಬ ಕಾರಣದಿಂದ ಊರ್ಜಿತವಾಗುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಅರ್ಧ ಶತಮಾನದ ನಂತರ, 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಇದೇ ತತ್ತ್ವವನ್ನು ಮತ್ತಷ್ಟು ಬಿಗಿಗೊಳಿಸಿ, ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬಾರದೆಂದು ನಿರ್ದೇಶಿಸಿತು. ಆದುದರಿಂದ ‘ಮೊದಲು ಕಟ್ಟೋಣ, ಆಮೇಲೆ ಸರಿಪಡಿಸಿಕೊಳ್ಳೋಣ’ ಎಂಬ ಹಳೆಯ ಲೆಕ್ಕಾಚಾರ ಇನ್ನು ನಡೆಯದು.

ತಡೆಯಾಜ್ಞೆಯ ಬೆಲೆಯನ್ನು ಅಂಕಿಗಳಲ್ಲಿಯೇ ನೋಡಬಹುದು. 40 ಲಕ್ಷ ರೂಪಾಯಿಯ ಸಾಲದಲ್ಲಿ 25 ಲಕ್ಷ ಬಿಡುಗಡೆಯಾಗಿ, ಬಡ್ಡಿ ಶೇ. 9 ಇದೆಯೆಂದು ಭಾವಿಸೋಣ. ಕೆಲಸ ನಿಂತರೂ ತಿಂಗಳಿಗೆ 18,750 ರೂ. ಬಡ್ಡಿ ನಿಲ್ಲದು. ವಾಸದ ಬಾಡಿಗೆ 15,000 ರೂ. ಸೇರಿದರೆ ಹತ್ತು ತಿಂಗಳಿಗೆ 3,37,500 ರೂ. ಇದು ವಕೀಲರ ಶುಲ್ಕ ಮತ್ತು ಮಳೆಗೆ ತುಕ್ಕು ಹಿಡಿಯುವ ಕಂಬಿಗಳ ನಷ್ಟವನ್ನು ಬಿಟ್ಟು. ಈ ಹೊರೆ ಅಂಗಡಿಯ ದುಡಿಯುವ ಬಂಡವಾಳದ ಮೇಲೆಯೇ ಬೀಳುತ್ತದೆ. ತೆರಿಗೆಯ ಬಾಧೆಯೂ ಇಲ್ಲದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ 2 ಲಕ್ಷ ರೂ.ವರೆಗಿನ ಕಡಿತ ದೊರೆಯಬೇಕಾದರೆ, ಸಾಲ ಪಡೆದ ಆರ್ಥಿಕ ವರ್ಷದ ಅಂತ್ಯದಿಂದ ಐದು ವರ್ಷದೊಳಗೆ ಮನೆ ಪೂರ್ಣಗೊಳ್ಳಬೇಕು. ತಪ್ಪಿದರೆ ಮಿತಿ 30,000 ರೂ.ಗೆ ಇಳಿಯುತ್ತದೆ. ಹಳೆಯ ಮನೆ ಮಾರಿದ ಬಂಡವಾಳ ಲಾಭಕ್ಕೆ ವಿನಾಯಿತಿ ಬಯಸಿ ಕಟ್ಟುವವರಿಗೆ ಇರುವ ಅವಧಿ ಮೂರೇ ವರ್ಷ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ತಳಪಾಯಕ್ಕೆ ಮುನ್ನ ಸರ್ವೇ ಮಾಡಿಸಿ, ನೆರೆಯವರ ಸಮಕ್ಷಮದಲ್ಲಿ ಗಡಿ ಗುರುತಿಸಿ, ದಿನಾಂಕ ಸಹಿತ ಛಾಯಾಚಿತ್ರಗಳನ್ನು ಇಟ್ಟುಕೊಳ್ಳುವುದು. ಕ್ರಯಪತ್ರ, ಖಾತಾ, ತೆರಿಗೆ ರಸೀದಿ, ಮಂಜೂರಾದ ನಕ್ಷೆ ಒಂದೇ ಕಡತದಲ್ಲಿರಬೇಕು. ಎರಡನೆಯದಾಗಿ, ದಾವೆಯ ಸೂಚನೆ ಕಂಡೊಡನೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಮಿನಂತೆ ಕೇವಿಯಟ್ ಸಲ್ಲಿಸುವುದು. ಇದರಿಂದ ತಮ್ಮ ಅಹವಾಲು ಕೇಳದೆ ಆಜ್ಞೆ ಹೊರಡುವುದು ತಪ್ಪುತ್ತದೆ. ಇದರ ಅವಧಿ 90 ದಿನಗಳು. ಮುಗಿದರೆ ಮತ್ತೆ ಸಲ್ಲಿಸಬೇಕು. ಇದರ ನೋಟೀಸು ನೆರೆಯವರಿಗೂ ಹೋಗುವುದರಿಂದ, ಅದಕ್ಕೆ ಮುಂಚೆ ಒಮ್ಮೆ ಅವರ ಮನೆಗೆ ಹೋಗಿ ಮಾತನಾಡುವುದು ಲೇಸು.

ಏಕಪಕ್ಷೀಯ ಆಜ್ಞೆ ಬಂದೇಬಿಟ್ಟರೆ ಅದನ್ನು ಮೀರಿ ರಾತ್ರೋರಾತ್ರಿ ಸ್ಲಾಬ್ ಹಾಕಿಸುವುದು ಆತ್ಮಘಾತಕ. ಆಜ್ಞೆ ಉಲ್ಲಂಘಿಸಿದವರ ಆಸ್ತಿ ಜಪ್ತಿಗೂ, ಸಿವಿಲ್ ಬಂಧನಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಬದಲಾಗಿ ತಕ್ಷಣ ಆಕ್ಷೇಪಣೆ ಸಲ್ಲಿಸಿ, ಆಜ್ಞೆಯ ತೆರವಿಗೆ ಅರ್ಜಿ ಹಾಕಬೇಕು. ಇಂತಹ ಅರ್ಜಿಯನ್ನು 30 ದಿನಗಳಲ್ಲಿ ತೀರ್ಮಾನಿಸಲು ನ್ಯಾಯಾಲಯವು ಪ್ರಯತ್ನಿಸಬೇಕೆಂದು ಆದೇಶ 39ರ ನಿಯಮ 3-ಎ ಹೇಳುತ್ತದೆ. ಅಳತೆಯೇ ವಿವಾದವಾದಲ್ಲಿ ಕೋರ್ಟ್ ಕಮಿಷನರ್ ನೇಮಿಸುವಂತೆ ಕೋರಬಹುದು. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ಪಡೆದವರಿಂದ 95ನೇ ಕಲಮಿನಡಿ ಪರಿಹಾರ ಕೇಳಬಹುದಾದರೂ ಅದರ ಗರಿಷ್ಠ ಮಿತಿ 50,000 ರೂ. ಮಾತ್ರ. ಮೇಲಿನ ಲೆಕ್ಕದ ಮುಂದೆ ಇದು ಎರಡು ತಿಂಗಳ ನಷ್ಟವನ್ನೂ ತುಂಬದು.

ಇಲ್ಲಿ ಮತ್ತೊಂದು ಪಕ್ಷವನ್ನೂ ಪರಿಗಣಿಸಬೇಕು. ಎಲ್ಲ ದಾವೆಗಳೂ ಹೊಟ್ಟೆಕಿಚ್ಚಿನವಲ್ಲ. ಮೂರು ಅಡಿ ಬಿಡಬೇಕಾದಲ್ಲಿ ಒಂದೂವರೆ ಅಡಿ ಬಿಟ್ಟು, ಅನುಮತಿಯಿಲ್ಲದ ಮಹಡಿ ಏರಿಸಿ, ಮಳೆನೀರನ್ನು ಪಕ್ಕದವರ ಗೋಡೆಗೆ ಹರಿಸಿ, ಬಳಿಕ ‘ನೆರೆಯವರ ಕಾಟ’ ಎಂದು ದೂರುವವರು ವರ್ತಕ ಸಮುದಾಯದಲ್ಲಿಯೂ ಇಲ್ಲದಿಲ್ಲ. ಆಕ್ಷೇಪಣೆಯಲ್ಲಿ ಹುರುಳಿದೆಯೇ ಎಂದು ಸ್ವತಂತ್ರ ಇಂಜಿನಿಯರೊಬ್ಬರಿಂದ ಅಳೆಯಿಸಿ ನೋಡಬೇಕು. ತಪ್ಪಿದ್ದರೆ ಗೋಡೆ ಎದೆಯೆತ್ತರಕ್ಕಿರುವಾಗಲೇ ಒಡೆದು ಸರಿಪಡಿಸುವುದು ಅಗ್ಗ. ಛಾವಣಿ ಬಿದ್ದ ಮೇಲೆ ಅದೇ ಕೆಲಸ ಹಲವು ಪಟ್ಟು ದುಬಾರಿ. ತಪ್ಪಿಲ್ಲದಿದ್ದರೆ ಅದೇ ವರದಿ ನ್ಯಾಯಾಲಯದಲ್ಲಿ ಬಲವಾದ ಸಾಕ್ಷ್ಯವಾದೀತು. ಕಿಟಕಿಯ ಸ್ಥಾನ, ನೀರಿನ ಕೊಳವೆಯ ದಿಕ್ಕು ಮುಂತಾದ ಸಣ್ಣ ವಿಷಯಗಳಲ್ಲಿ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರಗಳ ಮೂಲಕ ರಾಜಿಯಾಗುವುದು ಉಭಯತರಿಗೂ ಲಾಭಕರ. ಬೆಂಗಳೂರಿನಲ್ಲಿ ಇಂತಹ ಕೇಂದ್ರವು 2007ರಿಂದಲೇ ಇದೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ವ್ಯಾಪಾರಿಗಳಿಗೆ ಬೇರೆ ಹೇಳಬೇಕಿಲ್ಲ. ಸಾಲ ವಸೂಲಿಯ ದಾವೆ ಮುಗಿದರೆ ಎದುರಾಳಿಯ ಮುಖ ಮತ್ತೆ ನೋಡಬೇಕಾಗಿಲ್ಲ. ನೆರೆಯವರೊಡನೆ ಮಾತ್ರ ತೀರ್ಪಿನ ಮರುದಿನವೂ ಒಂದೇ ಗೋಡೆಯ ಆಚೀಚೆ ಬಾಳಬೇಕು. ಆದ್ದರಿಂದ ನಕ್ಷೆಯಂತೆ ಕಟ್ಟುವುದು, ದಾಖಲೆ ಸರಿಯಿಡುವುದು, ಕಟ್ಟುವ ಮುನ್ನ ನೆರೆಯವರಿಗೆ ನಕ್ಷೆಯನ್ನು ತೋರಿಸುವುದು, ಈ ಮೂರೂ ಮನೆಯ ಅಂದಾಜುಪಟ್ಟಿಯಲ್ಲಿ ತಳಪಾಯಕ್ಕಿಂತ ಮೊದಲ ಸಾಲಿನಲ್ಲಿರಬೇಕು.